ಆಂಟಿಗೆಂದು ಬಿಟ್ಟ ಜಾಗ

ಕಪ್ಪು ದ್ರಾಕ್ಷಿ ಕುದಿಯುವ ವಾಸನೆ ಬಂದರೆ ಇವತ್ತಿಗೂ ನನಗೆ ಗೋವಾದ ಪರ್ವರಿಯ ಆ ಭಾನುವಾರ ನೆನಪಾಗುತ್ತದೆ.

ನಮ್ಮ ಮೆಥಡಿಸ್ಟ್ ಸಭೆ ತಗಡಿನ ಶೆಡ್ಡಿನಲ್ಲಿ ಕೂಡುತ್ತಿತ್ತು. ಯೇಸುವಿನ ನೆನಪಿಗೆ ರೊಟ್ಟಿ, ರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಅವ್ವನೇ ದ್ರಾಕ್ಷಿ ಕುದಿಸಿ ರಸ ಸೋಸುತ್ತಿದ್ದಳು. "ನಮ್ಮ ಸಭಿಯೊಳಗ ವೈನ್ ನಡಿಯಂಗಿಲ್ಲವಾ," ಎನ್ನುತ್ತಿದ್ದಳು.

ಅವಳು ಕೂಲಿಗೆ ಹೋದಾಗ ನನ್ನನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಬಾಡಿಗೆ ಮನೆಯ ಒಡತಿ, ಕ್ಯಾಥೊಲಿಕ್ ಆಂಟಿ. ಹಿಂದಿನ ವಾರ ಅವರ ಚರ್ಚಿಗೆ ಹೋಗಿ, ಸಾಲಿನಲ್ಲಿ ನಿಂತು ಪ್ರಸಾದದ ರೊಟ್ಟಿಗೆ ನಾನೂ ಕೈಯೊಡ್ಡಿದ್ದೆ. ನಾನು ಕ್ಯಾಥೊಲಿಕ್ ಅಲ್ಲವೆಂದು ಪಾದ್ರಿ ಬರೀ ತಲೆ ಸವರಿ ಕಳಿಸಿದ್ದರು. ಖಾಲಿ ಕೈಯಲ್ಲಿ ಮರಳಿದ್ದೆ. ನಮ್ಮಲ್ಲಿ ಯಾರನ್ನೂ ಹಾಗೆ ಕಳಿಸುವುದಿಲ್ಲವೆಂದು ಈ ವಾರ ಆಂಟಿಯನ್ನು ನಮ್ಮಲ್ಲಿಗೆ ಕರೆತಂದಿದ್ದೆ.

"ಇದು ಕರ್ತನ ಮೇಜು. ಯಾವ ಸಭಿಯವರಾದ್ರೂ ಬರ್ರಿ," ಎಂದರು ಸಭಾಪಾಲಕರು.

ನಾನು ಅವ್ವನ ಜೊತೆ ಮುಂದೆ ಹೋಗಿ ಮಂಡಿಯೂರಿ, ಪಕ್ಕದಲ್ಲಿ ಆಂಟಿಗೆ ಜಾಗ ಬಿಟ್ಟೆ. ತಿರುಗಿ ನೋಡಿದರೆ ಅವರು ಕುರ್ಚಿಯಲ್ಲೇ ತಲೆ ತಗ್ಗಿಸಿ ಕೂತಿದ್ದರು, ಎರಡೂ ಕೈ ಬಿಗಿಯಾಗಿ ಹೆಣೆದುಕೊಂಡು.

"ಕರದು ಬರ್ಲೇನವ್ವಾ?"

"ಬ್ಯಾಡವಾ. ಅವರ ಕಡೆಯವರು ಬ್ಯಾರೆ ಸಭಿಯೊಳಗ ತಗೊಳ್ಳಂಗಿಲ್ಲ. ಜಾಗ ಇರ್ಲಿ ಬಿಡು."

ಮನೆಗೆ ಬರುವಾಗ ಆಂಟಿ ನನ್ನ ತುಟಿಯ ಮೇಲಿನ ರಸದ ಕಲೆಯನ್ನು ತಮ್ಮ ಕರವಸ್ತ್ರದಿಂದ ಒರೆಸಿದರು. ಆಮೇಲೆ ಭಾನುವಾರಗಳಂದು ನಾನು ಅವರನ್ನು ನಮ್ಮ ಸಭೆಗೆ ಕರೆಯಲಿಲ್ಲ, ಅವರೂ ನನ್ನನ್ನು ತಮ್ಮ ಚರ್ಚಿಗೆ ಕರೆಯಲಿಲ್ಲ.