ಎಡರೆಕ್ಕೆಯ ಸಂದು

“ಆ ಸಂದು ತುಂಬಿದ್ದು ನನ್ನ ಕೈ. ಬೇರೆ ಯಾರನ್ನೂ ಕೇಳ್ಬೇಡಿ,” ಎಂದು ಗೆಂಗ್ ಹೇಳಿದಾಗ ಪೆಯ್‌ಲಿನ್ ತಲೆ ಎತ್ತಲಿಲ್ಲ.

ವಿಚಾರಣಾ ಸಮಿತಿಯ ಮುಖ್ಯಸ್ಥ ಬೈ ಕಾಗದ ತಿರುವಿದ. “ಕೆಲಸ ಮಾಡಿದ್ದು ವೆಯ್ ಪೆಯ್‌ಲಿನ್, ಪರೀಕ್ಷೆ ಮಾಡಿದ್ದು ನೀವು ಅಂತ ಇದೆಯಲ್ಲ, ಶೀಫು?”

“ಕಾಗದ ಏನಾದ್ರೂ ಹೇಳ್ಲಿ. ಕೈ ನಂದು.”

ಶೀಫು ಎಂದರೆ ಗುರು. ಚೀನಾದ ಚೆಂಗ್ಡುವಿನ ಆ ವಿಮಾನ ಕಾರ್ಖಾನೆಯಲ್ಲಿ ಗೆಂಗ್ ಅವರನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಹನ್ನೊಂದು ವರ್ಷ ಅವರ ಕೈಕೆಳಗೆ ಕಲಿತವಳು ಪೆಯ್‌ಲಿನ್. ‘ಅವರಲ್ಲ, ನಾನು’ ಎಂದಿದ್ದರೆ ಸಾಕಿತ್ತು.

ಅಲ್ಲಿ ತಯಾರಾಗುತ್ತಿದ್ದುದು ರೇಡಾರಿನ ಕಣ್ಣಿಗೆ ಬೀಳದ ಯುದ್ಧವಿಮಾನ. ದೇಶಕ್ಕೆ ಬೇಕಿತ್ತು, ಬೇಗ ಬೇಕಿತ್ತು. ದೊಡ್ಡ ದೇಶಗಳ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಲು ಹೊರಟವರಿಗೆ ತಾಳ್ಮೆ ಕಡಿಮೆ. ಹೊರಮೈಯ ಹಾಳೆಗಳ ನಡುವಿನ ಸಂದುಗಳನ್ನು ತುಂಬುವ ಯಂತ್ರವನ್ನು ಹೊರದೇಶದವರು ಮಾರಲಿಲ್ಲ. ಸ್ವಂತ ಯಂತ್ರ ಇನ್ನೂ ನಕ್ಷೆಯಲ್ಲೇ ಇತ್ತು. ಅಲ್ಲಿಯವರೆಗೆ ಗೆಂಗ್ ಅವರ ಬೆರಳುಗಳೇ ಯಂತ್ರ. ತುಂಬಿದ ಅಂಟು ಕೂದಲೆಳೆಯಷ್ಟು ಉಬ್ಬಿದರೂ ತಗ್ಗಿದರೂ ರೇಡಾರ್ ಹಿಡಿದುಬಿಡುತ್ತದೆ. ನೆಲದ ಮೇಲೆ ನಡೆದ ರೇಡಾರ್ ಪರೀಕ್ಷೆಯಲ್ಲಿ ಗುಬ್ಬಿಯಷ್ಟು ಕಾಣಬೇಕಿದ್ದ ವಿಮಾನ, ರಾಜಧಾನಿಯಿಂದ ಬಂದ ದೊಡ್ಡವರ ಎದುರಿಗೇ ಬಸ್ಸಿನಷ್ಟು ಕಂಡಿತು. ದೋಷ ಎಡರೆಕ್ಕೆಯ ಒಂದೇ ಒಂದು ಸಂದಿನಲ್ಲಿತ್ತು.

ಅದರ ಕಥೆ ಪೆಯ್‌ಲಿನ್‌ಗೆ ಗೊತ್ತಿತ್ತು. ಅಂಟು ಒಣಗಲು ಎರಡು ದಿನ ಬಿಡಬೇಕೆಂಬುದು ನಿಯಮ. ಜನವರಿಯ ಥಂಡಿಗೆ ಮೂರಾದರೂ ಸಾಲದು. ದೊಡ್ಡವರ ಭೇಟಿ ಮಾತ್ರ ಸೋಮವಾರಕ್ಕೇ ಬಂದು ಕುಳಿತಿತ್ತು. ಕೋಣೆ ಬೆಚ್ಚಗಿಡುವ ಭಾಗ್ಯ ಆ ಊರಿಗಿಲ್ಲ; ಹೆಂಗಸರು ಮಡಿಲಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡೇ ಕೆಲಸ ಮಾಡುತ್ತಾರೆ. ಶನಿವಾರ ಪೆಯ್‌ಲಿನ್ ತನ್ನ ಚೀಲವನ್ನೆತ್ತಿ ಸಂದಿನ ಮೇಲಿಟ್ಟಳು. ಸಂಜೆಯೊಳಗೆ ಅಂಟು ಗಟ್ಟಿಯಾಯಿತು. ಸಹಿ ಹಾಕಿದಳು.

ಗೆಂಗ್ ಬಂದು ಚೀಲವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಬೈಯಲಿಲ್ಲ. ತಾವೂ ಸಹಿ ಹಾಕಿದರು.

“ಮನೆಗೆ ಹೋಗು, ಪುಟ್ಟಿ. ಉಳಿದದ್ದು ನಾನು ನೋಡ್ಕೋತೀನಿ.”

ಸಮಿತಿಯವರ ಮುಂದೆಯೂ ಅವರೇ ನೋಡಿಕೊಂಡರು. ಅವರನ್ನು ಉಗ್ರಾಣಕ್ಕೆ ಕಳಿಸಿ ಕೈಗವಸು ಹಂಚಲು ಕೂರಿಸಿದರು. ಮಾದರಿ ಕೆಲಸಗಾರರ ಸಾಲಿನಿಂದ ಅವರ ಫೋಟೋ ಇಳಿಯಿತು. ಮೊದಲ ಹಾರಾಟದ ದಿನ ರನ್‌ವೇ ಪಕ್ಕ ನಿಲ್ಲುವವರ ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕಿದರು. ಅವರ ಜಾಗಕ್ಕೆ ಪೆಯ್‌ಲಿನ್ ಬಂದಳು. ಈಗ ಜನ ಅವಳನ್ನೇ ಶೀಫು ಎನ್ನತೊಡಗಿದರು. ಹಾಗೆ ಕರೆದಾಗಲೆಲ್ಲ ಕಪಾಳಕ್ಕೆ ಬಾರಿಸಿದಂತಾಗುತ್ತಿತ್ತು.

ಎಡರೆಕ್ಕೆಯ ಕಡೆಗೆ ಅವಳು ಮತ್ತೆ ಸುಳಿಯಲಿಲ್ಲ. ಸಮಿತಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಆ ಸಂದು ತೋರಿಸಿದಾಗಲೂ ಅವಳ ಕಣ್ಣು ನೆಲದ ಮೇಲಿತ್ತು. ಅದನ್ನು ತೆಗೆದು ಹೊಸದಾಗಿ ತುಂಬುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದಳು. ಮನೆಯಲ್ಲಿ ಅನ್ನ ಸೇರುತ್ತಿರಲಿಲ್ಲ.

“ಖಾರ ತಿಂದು ಅಳೋರನ್ನ ಈ ಊರಲ್ಲಿ ದಿನಾ ನೋಡ್ತೀನಿ,” ಎಂದು ಗಂಡ ರೇಗಿಸಿದ. “ನೀನು ಗಂಜಿ ಕುಡಿದೂ ಅಳ್ತೀಯಲ್ಲೇ!”

ನಾಲ್ಕು ತಿಂಗಳು ಹೀಗೇ ಕಳೆಯಿತು. ಮೊದಲ ಹಾರಾಟ ಸೋಮವಾರ ಎಂದು ಗೊತ್ತಾಯಿತು. ಭಾನುವಾರ ಮಧ್ಯಾಹ್ನ ಪೆಯ್‌ಲಿನ್ ತಪ್ಪೊಪ್ಪಿಗೆ ಬರೆದು ಜೇಬಿನಲ್ಲಿಟ್ಟುಕೊಂಡು ಹೊರಟಳು. ಇವತ್ತೇ ಸಮಿತಿಯ ಮುಖ್ಯಸ್ಥ ಬೈಯ ಕೈಗೆ ಕೊಟ್ಟರೆ ನಾಳೆ ಶೀಫು ರನ್‌ವೇ ಪಕ್ಕ ನಿಲ್ಲಬಹುದು. ತಾನು ಉಗ್ರಾಣಕ್ಕಾದರೂ ಹೋಗಲಿ, ಜೈಲಿಗಾದರೂ ಹೋಗಲಿ. ಮೊದಲು ಅವರ ಕಾಲಿಗೆ ಬೀಳಬೇಕು.

ನದಿ ದಂಡೆಯ ಚಹಾದಂಗಡಿಯಲ್ಲಿ ಗೆಂಗ್ ಮೂವರು ಗೆಳೆಯರ ಜೊತೆ ಮಹ್ಜಾಂಗ್ ಎಂಬ, ಚಿತ್ರ ಕೊರೆದ ಕಾಯಿಗಳ ಆಟ ಆಡುತ್ತಿದ್ದರು. ಉಳಿದವರು ಕಾಯಿಯನ್ನು ಹೆಬ್ಬೆರಳಲ್ಲಿ ಸವರಿಯೇ ಯಾವುದೆಂದು ಹೇಳಿಬಿಡುತ್ತಿದ್ದರು. ಗೆಂಗ್ ಒಂದೊಂದನ್ನೂ ತಿರುಗಿಸಿ, ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದರು.

“ಏ ಗೆಂಗ್, ನಿನ್ನ ಶೀಫು ಬಂದ್ರು, ಎದ್ದು ನಿಂತ್ಕೋ!” ಎಂದು ಒಬ್ಬ ಚುಚ್ಚಿದ.

ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಗೆಂಗ್ ನಿಜವಾಗಿಯೂ ಎದ್ದರು. ಪಕ್ಕದ ಮೇಜಿಗೆ ಅವಳನ್ನು ಕರೆದೊಯ್ದು, ಬಟ್ಟಲಿಗೆ ಚಹಾ ಬಗ್ಗಿಸಿ, ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದರು. ಶಿಷ್ಯೆ ಗುರುವಿಗೆ ಹಿಡಿಯಬೇಕಾದ ಬಟ್ಟಲು ಅದು.

“ಶೀಫು, ಇದೇನಿದು! ನಾನು ನಿಮಗೊಂದು ಮಾತು ಹೇಳ್ಬೇಕು. ಆ ಸಂದು…”

“ನಂಗೊತ್ತು. ಕೂತ್ಕೋ. ನಾನು ಮೊದಲು ಹೇಳ್ಬೇಕು, ನಾಲ್ಕು ತಿಂಗಳಿಂದ ಎದೆ ಸುಡ್ತಿದೆ.” ಅವರು ದನಿ ತಗ್ಗಿಸಿದರು. “ಆ ಚೀಲ ನೋಡಿ ನಂಗೆ ಎದೆ ಝಲ್ಲಂತು. ನಿನ್ನ ಮೇಲೆ ನಂಬಿಕೆ ಬರ್ಲಿಲ್ಲ. ಮಾರನೇ ದಿನ ರಜೆ, ಒಬ್ಬನೇ ಬಂದು ನೀನು ತುಂಬಿದ್ದನ್ನ ಕಿತ್ತೆ. ಕಿತ್ತ ಮೇಲೆ ನೋಡ್ತೀನಿ, ಒಂದು ಗುಳ್ಳೆ ಇಲ್ಲ, ಕಲ್ಲಿನ ಹಾಗೆ ಒಣಗಿದೆ! ಅಷ್ಟರಲ್ಲಿ ಕೈ ಮೀರಿತ್ತು. ನಾನೇ ಮತ್ತೆ ತುಂಬಿದೆ. ಒಣಗಿಸೋಕೆ ಕೊನೆಗೆ ನಿನ್ನ ಚೀಲಾನೇ ಇಡ್ಬೇಕಾಯ್ತು. ಆದ್ರೆ ಎರಡು ವರ್ಷದಿಂದ ಈ ಬೆರಳಿಗೆ ಸ್ಪರ್ಶವೇ ಇಲ್ಲ, ಪುಟ್ಟಿ. ಉಬ್ಬು ತಗ್ಗು ತಿಳಿಯಲ್ಲ. ಯಾರಿಗೂ ಹೇಳಿರ್ಲಿಲ್ಲ.”

ಪೆಯ್‌ಲಿನ್ ಬಟ್ಟಲನ್ನು ಮೇಜಿನ ಮೇಲಿಟ್ಟು, ಜೇಬಿನಲ್ಲಿದ್ದ ಕಾಗದವನ್ನು ಮುಟ್ಟಿ ನೋಡಿಕೊಂಡಳು.

“ಸಹಿ ಆದ ಕೆಲಸನ ಕದ್ದುಮುಚ್ಚಿ ಕಿತ್ತೆ ಅಂತ ತಿಳಿದಿದ್ರೆ ನನ್ನನ್ನ ಜೈಲಿಗೆ ಹಾಕ್ತಿದ್ರು,” ಎಂದು ಗೆಂಗ್ ಅವಳಿಗೆ ತಲೆಬಾಗಿದರು. “ಸಮಿತಿಯೋರು ತೋರಿಸಿದಾಗ ಅದು ನಿನ್ನ ಕೈಕೆಲಸ ಅಲ್ಲ ಅಂತ ನೋಡಿದ ಕೂಡ್ಲೇ ನಿಂಗೆ ಗೊತ್ತಾಗಿರುತ್ತೆ, ಆದ್ರೂ ಈ ಮುದುಕನ್ನ ಉಳಿಸೋಕೆ ಇಷ್ಟು ದಿನ ಬಾಯಿ ಬಿಡ್ಲಿಲ್ವಲ್ಲ, ತಾಯಿ!”