ಮಾವನ ಪಾಲು

ಅತ್ತೆ ಜಪಮಾಲೆಯ ಮಣಿಯೊಂದನ್ನು ಬೆರಳಲ್ಲಿ ಹಿಡಿದು ‘ನಮೋ ಮರಿಯಾ’ದ ಮೊದಲರ್ಧ ಹೇಳಿ ನಿಲ್ಲಿಸಿದ್ದೇ ತಡ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಉಳಿದರ್ಧವನ್ನು ಹೇಳಿಬಿಟ್ಟಳು. “ಸಂತ ಮರಿಯಮ್ಮನವರೇ, ದೇವರ ಮಾತೆಯೇ, ಪಾಪಿಗಳಾದ ನಮಗೋಸ್ಕರ ಈಗಲೂ ನಮ್ಮ ಮರಣದ ವೇಳೆಯಲ್ಲೂ ಪ್ರಾರ್ಥಿಸಿರಿ, ಆಮೆನ್.” ಒಂದೇ ಉಸಿರಿಗೆ, ಕಹಿ ಔಷಧಿ ನುಂಗುವವರ ಹಾಗೆ. ಕೈಯಲ್ಲಿದ್ದ ಚಾಕುವಿಗೆ ಅಂಟಿದ್ದ ಬೀನ್ಸಿನ ಚೂರು ನೆಲಕ್ಕೆ ಬಿತ್ತು.

ಅತ್ತೆಯ ಬೆರಳು ಆ ಮಣಿಯ ಮೇಲೆಯೇ ನಿಂತಿತು. ಮುಂದಕ್ಕೆ ಹೋಗಲಿಲ್ಲ.

ಈ ಪ್ರಾರ್ಥನೆಯನ್ನು ಮನೆಯಲ್ಲಿ ಇಬ್ಬರು ಸೇರಿ ಹೇಳುತ್ತಿದ್ದರು. ಅತ್ತೆ ಆರಂಭಿಸಿದ್ದನ್ನು ಮಾವ ಮುಗಿಸುತ್ತಿದ್ದರು. ವಾಚ್ ರಿಪೇರಿ ಅವರ ಕಸುಬು; ಮಾತು ಮಾತ್ರ ಬಲು ನಿಧಾನ. ‘ಮರಣದ ವೇಳೆ’ ಎನ್ನುವ ಮುಂಚೆ ಒಮ್ಮೆ ನಿಂತು, ಉಬ್ಬಸದ ಎದೆಗೆ ಉಸಿರು ತುಂಬಿಕೊಂಡೇ ಮುಂದುವರಿಯುತ್ತಿದ್ದರು. “ಊರವರ ಗಡಿಯಾರವೆಲ್ಲ ಸರಿಮಾಡ್ತಾರೆ, ಮನೇಲಿ ಒಂದು ಆಮೆನ್ ಹೊತ್ತಿಗೆ ಸರಿಯಾಗಿ ಬರಲ್ಲ” ಎಂದು ಅತ್ತೆ ರೇಗಿಸಿದರೆ, “ಮರಣದ ಹತ್ರ ಓಡಿಹೋಗೋಕೆ ನನಗೇನೇ ಅವಸರ?” ಎನ್ನುತ್ತಿದ್ದರು. ಅವಸರವಿಲ್ಲದೆಯೇ ಒಂದು ದಿನ ಹೋದರು. ಅಂದಿನಿಂದ ಅತ್ತೆ ತನ್ನ ಅರ್ಧ ಹೇಳಿ, ಕಣ್ಣು ಮುಚ್ಚಿ ಸುಮ್ಮನಿದ್ದು, ಆಮೇಲೆ ಮುಂದಿನ ಮಣಿಗೆ ಹೋಗುತ್ತಿದ್ದರು. ಮಗ ಪ್ರೆಸ್ಸಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ಜಪಮಾಲೆ ಡಬ್ಬಿ ಸೇರಿರುತ್ತಿತ್ತು.

ಅತ್ತೆ ಮಾವ ಕ್ಯಾಥೊಲಿಕರು; ಸೊಸೆ ಮರಿಯಮ್ಮನಿಗೆ, ಸಂತರಿಗೆ ಮೊರೆಯಿಡದ ಪ್ರಾಟೆಸ್ಟೆಂಟ್ ಮನೆಯ ಹುಡುಗಿ. “ಅವಳು ಅವಳ ಸಭೆಗೆ ಹೋಗ್ಲಿ, ನಾವು ನಮ್ಮ ಚರ್ಚಿಗೆ. ಒಲೆ ಒಂದೇ ಇದ್ರೆ ಸಾಕು” ಎಂದು ಮದುವೆಯ ಮಾತುಕತೆ ಮುಗಿಸಿದವರು ಮಾವನೇ. ಅವರಿರುವ ತನಕ ಯಾರೂ ಯಾರನ್ನೂ ಕೆಣಕಿರಲಿಲ್ಲ. ಕಳೆದ ವಾರ ಮಾತಿಗೆ ಮಾತು ಬೆಳೆದು ಸೊಸೆಯೇ ಕೇಳಿಬಿಟ್ಟಿದ್ದಳು.

“ಮರಿಯಮ್ಮ, ಸಂತರು ಅಂತ ಅವರನ್ನೆಲ್ಲ ಯಾಕೆ ಕೇಳ್ಬೇಕು ಅತ್ತೆ? ದೇವರನ್ನೇ ನೇರವಾಗಿ ಕೇಳಬಹುದಲ್ಲ?”

“ನಿನಗೆ ಜ್ವರ ಬಂದ್ರೆ ಸಭೆಯವರಿಗೆಲ್ಲ ಫೋನ್ ಮಾಡಿ ಪ್ರಾರ್ಥನೆ ಮಾಡಿ ಅಂತೀಯಲ್ಲ, ಹಾಗೇ ಇದೂ. ನಮ್ಮ ಸಂತರ ಹತ್ರ ಫೋನಿಲ್ಲ, ಅಷ್ಟೇ.”

“ಸಭೆಯವರು ಬದುಕಿದ್ದಾರೆ ಅತ್ತೆ. ಸತ್ತವರಿಗೆ ಕೇಳಿಸಲ್ಲ.”

ಅತ್ತೆ, “ನಿಮ್ಮ ಮಾವನಿಗೂನಾ?” ಎಂದಿದ್ದರು.

ಸೊಸೆ ಕೊಡದೆ ಉಳಿಸಿದ ಆ ಉತ್ತರದಲ್ಲೇ ಮನೆ ಸಿಕ್ಕಿಹಾಕಿಕೊಂಡಿತು. ಅತ್ತೆ ಜಗಳವಾಡಲಿಲ್ಲ, ಉಪ್ಪು ಸರಿಯಾಗಿದೆಯಾ ಎಂದರೆ ತಲೆಯಾಡಿಸುತ್ತಿದ್ದರು, ಇನ್ನೊಂಚೂರು ಹಾಕಲಾ ಎಂದರೆ ಕೈ ಅಡ್ಡ ಹಿಡಿಯುತ್ತಿದ್ದರು. ಮಾತಿಲ್ಲ. ಇವತ್ತು ಅದನ್ನು ತಡೆಯಲಾರದೆ ಸೊಸೆ ತನ್ನ ನಂಬಿಕೆಯನ್ನು ಬದಿಗಿಟ್ಟು ಮಾವನ ಪಾಲಿನ ಮಾತನ್ನು ತಾನು ಹೇಳಿದ್ದಳು.

“ಯಾಕೆ ಹೇಳಿದೆ?” ಅತ್ತೆ ತಿರುಗಿ ನೋಡದೆ ಕೇಳಿದರು.

“ಅರ್ಧಕ್ಕೇ ನಿಂತುಹೋಗುತ್ತಲ್ಲ ಅತ್ತೆ. ಯಾರಾದ್ರೂ ಮುಗಿಸಲಿ ಅಂತ...”

“ಎಲ್ಲೇ ನಿಂತಿತ್ತು? ಅವರು ಹೇಳ್ತಾ ಇದ್ರು. ನೀನು ನಡುವೆ ಬಾಯಿ ಹಾಕಿದೆ.”

ಸೊಸೆ ಬಿದ್ದಿದ್ದ ಬೀನ್ಸಿನ ಚೂರನ್ನು ಬಗ್ಗಿ ಎತ್ತಿಕೊಂಡಳು. ತಲೆಯೆತ್ತಿದಾಗ ಅತ್ತೆ ಅವಳನ್ನೇ ನೋಡುತ್ತಿದ್ದರು. ಕಣ್ಣಲ್ಲಿ ಸಿಟ್ಟಿರಲಿಲ್ಲ.

“ಈಗ ಹೇಳಿದೆಯಲ್ಲ, ಆ ಮಾತನ್ನ ನೀನು ನಂಬ್ತೀಯಾ?”

“ಇಲ್ಲ ಅತ್ತೆ.”

“ಮತ್ಯಾಕಮ್ಮ ನನಗೋಸ್ಕರ ದೇವರ ಮುಂದೆ ಸುಳ್ಳು ಹೇಳ್ತೀಯ? ಅವರಿದ್ದಿದ್ರೆ ನನಗೇ ಬೈತಿದ್ರು, ಹುಡುಗಿ ಕೈಲಿ ಬಲವಂತವಾಗಿ ಹೇಳಿಸಿದ್ಯಾ ಅಂತ.” ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. “ನೀನು ಹೇಳೋದು ಬೇಡ. ಬೇಕಾದ್ರೆ ಬಂದು ಕೂತ್ಕೋ. ಮೊದಲು ಆ ಒಲೆ ಸಣ್ಣ ಮಾಡು, ಹಾಲು ಉಕ್ಕುತ್ತೆ.”

ಸೊಸೆ ಒಲೆ ಸಣ್ಣ ಮಾಡಿ ಬಂದಳು. ಮಾವನ ಕುರ್ಚಿಯನ್ನು ಬಿಟ್ಟು, ಅವರು ಕಾಲು ಚಾಚಿಕೊಳ್ಳುತ್ತಿದ್ದ ಗಿಡ್ಡ ಸ್ಟೂಲಿನ ಮೇಲೆ ಕೂತಳು.

ಅತ್ತೆ ಮತ್ತೆ ಆರಂಭಿಸಿದರು. ಮೊದಲರ್ಧ, ಆಮೇಲೆ ಮೌನ. ಅಡುಗೆಮನೆಯಿಂದ ಕೇಳಿದಾಗ ಖಾಲಿ ಅನ್ನಿಸುತ್ತಿದ್ದ ಆ ಮೌನ ಹತ್ತಿರದಿಂದ ಹಾಗಿರಲಿಲ್ಲ. ಎದುರಿಗೆ ಕೂತವರ ಮಾತು ಕೇಳಿಸಿಕೊಳ್ಳುವಾಗಿನಂತೆ ಅತ್ತೆಯ ತಲೆ ಸಣ್ಣಗೆ ಮೇಲೆ ಕೆಳಗೆ ಆಡುತ್ತಿತ್ತು. ಸೊಸೆ ತುಟಿ ಬಿಗಿಹಿಡಿದು, ತಾನು ಕೇಳಬೇಕಾದ್ದನ್ನು ನೇರವಾಗಿ ದೇವರನ್ನೇ ಕೇಳಿಕೊಂಡಳು: ಈ ಹೆಂಗಸು ಒಂಟಿಯಾಗದಿರಲಿ.

ಆದರೆ ನಂಬದವಳೊಬ್ಬಳು ಪಕ್ಕದಲ್ಲಿದ್ದಾಳೆ ಎಂಬ ಸಂಕೋಚವೋ, ಅವಳ ಅಡುಗೆಗೆ ತಡವಾಗುತ್ತದೆ ಎಂಬ ಯೋಚನೆಯೋ, ಮಣಿಯಿಂದ ಮಣಿಗೆ ಆ ಮೌನ ಗಿಡ್ಡವಾಗುತ್ತ ಬಂತು. ಕೊನೆಗೊಮ್ಮೆ ಕಣ್ಣು ಮುಚ್ಚಿದಂತೆ ಮಾಡಿ, ಅತ್ತೆ ಮುಂದಿನ ಮಣಿಗೆ ಬೆರಳು ಜಾರಿಸಿ ಬಾಯಿ ತೆರೆದರು.

ಸೊಸೆ ಅವರ ಕೈಯ ಮೇಲೆ ತನ್ನ ಕೈಯಿಟ್ಟಳು.

“ಇರಿ ಅತ್ತೆ” ಎಂದಳು. “ಮಾವ ಇನ್ನೂ ಉಸಿರು ತಗೋತಿದ್ದಾರೆ.”