ಹನ್ನೊಂದು ಪೊಟ್ಟಣ

ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿಸಿ ಮಧ್ಯಾಹ್ನ ಕುವೈತಿನ ಹವಲ್ಲಿಯ ಫ್ಲ್ಯಾಟಿಗೆ ಬಂದ ಒಲಿಂಡಾ, ಗಂಡ ಬರ್ನಾರ್ಡನಿಗೆ ಬಡಿಸಿ ತನ್ನ ತಟ್ಟೆಗೂ ಅನ್ನ ಹಾಕಿಕೊಳ್ಳುವಷ್ಟರಲ್ಲಿ ಮಗಳು ಕ್ಲಾರಿಸ್ಸಾಳ ವೀಡಿಯೊ ಕಾಲ್ ಬಂತು. ಒಂಬತ್ತು ದಿನದಿಂದ ಮಾತು ಬಿಟ್ಟಿದ್ದ ಮಗಳು! ಹೆಣ್ಣುಹುಡುಗಿ ಒಬ್ಬಳೇ ಬೆನ್ನಿಗೆ ಚೀಲ ಹಾಕಿಕೊಂಡು ದಕ್ಷಿಣ ಅಮೆರಿಕ ಸುತ್ತುವುದು ಯಾವ ಊರಿನ ಪದ್ಧತಿ ಎಂದು ತಾಯಿ ಬೈದದ್ದೇ ಕಾರಣ. ಹಟದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕಡಿಮೆಯಿಲ್ಲ.

ತೆರೆಯ ಮೇಲೆ ಕಂಡದ್ದು ಕ್ಲಾರಿಸ್ಸಾ ಅಲ್ಲ, ಎರಡು ಜಡೆಯ, ಕಪ್ಪು ಟೋಪಿಯ ಒಬ್ಬ ಮುದುಕಿ. ಅವಳ ಹಿಂದಿನ ಕಿಟಕಿಯಲ್ಲಿ ಆಗಷ್ಟೇ ಬೆಳಗಾಗುತ್ತಿದ್ದ ಸರೋವರ. ಒಲಿಂಡಾ ತಟ್ಟೆ ಸರಿಸಿ ಎದ್ದಳು.

"ನನ್ನ ಮಗಳೆಲ್ಲಿ?"

ಮುದುಕಿ ಫೋನು ತಿರುಗಿಸಿದಳು. ಮೂರು ಕಂಬಳಿಯಡಿ ಕ್ಲಾರಿಸ್ಸಾ ಮುದುಡಿ ಮಲಗಿದ್ದಳು. "ಮಮ್ಮಿ... ನಿನ್ನೆಯಿಂದ ವಾಮಿಟಿಂಗ್. ತಲೆ ಈಸ್ ಬರ್ಸ್ಟಿಂಗ್."

"ಎಲ್ಲಿದ್ದಿ ಮಗಾ?"

"ಬೊಲಿವಿಯಾ. ಲೇಕ್ ಟಿಟಿಕಾಕಾ ಹತ್ರ. ವೆರಿ ಹೈ, ಮಮ್ಮಿ."

ಇಪ್ಪತ್ನಾಲ್ಕು ವರ್ಷ ನರ್ಸ್ ಆಗಿದ್ದವಳಿಗೆ ಅಷ್ಟು ಸಾಕಾಯಿತು. "ಅದು ಎತ್ತರದ ಕಾಯಿಲೆ. ಅದಕ್ಕೆ ಮಾತ್ರೆ ಕಟ್ಟಿ ಕೊಟ್ಟಿದ್ದೇನಲ್ಲ? ಎಲ್ಲದರ ಮೇಲೂ ಹೆಸರು ಬರ್ದಿದ್ದೇನೆ ಮಾರಾಯ್ತಿ!"

"ಯು ರೋಟ್ ಇನ್ ಕನ್ನಡ, ಮಮ್ಮಿ."

ಚೀಲ ಭಾರವಾಗದಿರಲೆಂದು ಒಲಿಂಡಾ ಮಾತ್ರೆಗಳನ್ನೆಲ್ಲ ಹೆಸರಿದ್ದ ಸ್ಟ್ರಿಪ್ಪಿನಿಂದ ಬಿಡಿಸಿ, ಆಸ್ಪತ್ರೆಯ ಶಿಸ್ತಿನಲ್ಲಿ ಹನ್ನೊಂದು ಪೊಟ್ಟಣ ಕಟ್ಟಿದ್ದಳು. ಮನೆಮಾತು ಕೊಂಕಣಿಯನ್ನೂ ಕನ್ನಡ ಅಕ್ಷರದಲ್ಲೇ ಬರೆಯುವ ಕೈ ಅದು. ಇದನ್ನೂ ಹಾಗೇ ಬರೆದಿತ್ತು. ಕುವೈತಿನಲ್ಲೇ ಹುಟ್ಟಿ ಬೆಳೆದ ಮಗಳಿಗೆ ಕನ್ನಡ ಕೇಳಿದರೆ ಗೊತ್ತಾಗುತ್ತದೆ, ಓದಲು ಬರುವುದಿಲ್ಲ ಎಂಬುದು ಹೆತ್ತವಳಿಗೇ ನೆನಪಾಗಿರಲಿಲ್ಲ. ಅದರಲ್ಲಿ ನಿದ್ದೆ ಬರಿಸುವ ಮಾತ್ರೆಯೂ ಇತ್ತು. ಉಸಿರಿಗೇ ಗಾಳಿ ಸಾಲದ ಜಾಗದಲ್ಲಿ ಅದನ್ನು ನುಂಗಿದರೆ?

"ಯಾವುದಾದ್ರೂ ತಕ್ಕೊಂಡ್ಯಾ?"

"ತಕ್ಕೊಳ್ಳೋಕೆ ಹೋದೆ. ಈ ರೂಮು ಇವರದ್ದು. ಶಿ ಟುಕ್ ಎವೆರಿಥಿಂಗ್ ಅವೇ. ಅವರಿಗೆ ಸ್ಪ್ಯಾನಿಷ್ ಮಾತ್ರ ಬರ್ತದೆ, ಐ ನೋ ಎ ಲಿಟಲ್. ಯಾರು ಬರ್ದದ್ದು ಅಂತ ಕೇಳಿದ್ರು. ಮಮ್ಮಿ ಅಂದೆ. ದೆನ್ ಆಸ್ಕ್ ಹರ್, ಅಂದ್ರು."

ಮುದುಕಿ ಮಡಿಲಿನಿಂದ ಪೊಟ್ಟಣಗಳನ್ನು ಒಂದೊಂದೇ ಎತ್ತಿ ಹಿಡಿದಳು. ಒಲಿಂಡಾ ಕಣ್ಣು ಕಿರಿದು ಮಾಡಿ ಓದಿ ತಲೆಯಾಡಿಸುತ್ತ ಹೋದಳು. ಜ್ವರದ್ದು, ಬೇಡ. ಭೇದಿಯದ್ದು, ಬೇಡ. ಏಳನೆಯದಕ್ಕೆ "ಅದೇ, ಅದೇ!" ಎಂದು ಕೂಗಿದ ರಭಸಕ್ಕೆ ಬರ್ನಾರ್ಡ್ ಕೈಯ ತುತ್ತು ಬಿಟ್ಟು ಎದ್ದು ಬಂದ. ಮುದುಕಿ ಒಂದು ಮಾತ್ರೆ ತೆಗೆದು ಮತ್ತೆ ತೋರಿಸಿ, ಒಲಿಂಡಾ ಹೂಂಗುಟ್ಟಿದ ಮೇಲೆಯೇ ಹುಡುಗಿಯ ತಲೆ ಎತ್ತಿ ನುಂಗಿಸಿದಳು. ಒಲಿಂಡಾ ತನ್ನ ಉಗುರು ಮುಟ್ಟಿ ತೋರಿಸಿದ್ದೇ ತಡ, ಮಗಳ ಉಗುರು ಕ್ಯಾಮೆರಾದ ಮುಂದೆ ಬಂತು. ನೀಲಿಗಟ್ಟಿರಲಿಲ್ಲ, ದೇವರು ದೊಡ್ಡವನು.

"ಸಂಜೆಯೊಳಗೆ ಕಡಿಮೆಯಾಗದಿದ್ರೆ ಡಾಕ್ಟರಿಗೆ ತೋರ್ಸಿ ಕೆಳಗಿನ ಊರಿಗೆ ಇಳಿಬೇಕು, ಆಯ್ತಾ?"

"ಆಯ್ತು. ಸಾರಿ, ಮಮ್ಮಿ."

"ನಾನೂ ಹಾಗೆಲ್ಲ ಬೈಬಾರ್ದಿತ್ತು ಮಗಾ. ಈಗ ಮಲಗು."

ಅರ್ಧ ಗಂಟೆಯಲ್ಲಿ ಕ್ಲಾರಿಸ್ಸಾಳ ಉಸಿರು ಹದಕ್ಕೆ ಬಂತು. ಮುದುಕಿ ಕಾಲ್ ಕಟ್ ಮಾಡಲಿಲ್ಲ. ಮಗಳು ಕಾಣುವಂತೆ ಫೋನನ್ನು ಗೋಡೆಗೆ ಒರಗಿಸಿಟ್ಟು, ಮಂಚದ ಬದಿಯಲ್ಲೇ ಕುಳಿತಳು. ಒಲಿಂಡಾ ಎರಡೂ ಕೈ ಮುಗಿದಳು. ಹೇಳಬೇಕೆಂದಿದ್ದದ್ದು ಬೆಟ್ಟದಷ್ಟಿತ್ತು, ಹೇಳಲು ಭಾಷೆಯಿರಲಿಲ್ಲ.

ಮುದುಕಿ ಆ ಕೈಗಳನ್ನು ನೋಡಿ ನಕ್ಕಳು. ಆಮೇಲೆ ಐದೂ ಬೆರಳು ಕೂಡಿಸಿ ತನ್ನ ಬಾಯಿಯ ಹತ್ತಿರ ಒಯ್ದು, ಹುಬ್ಬೇರಿಸಿ, ನಿನ್ನದು ಊಟವಾಯಿತೇ ಎಂದು ಕೇಳಿದಳು.